ದಾರಿಯಲ್ಲಿ ಗಾಯಪಟ್ಟವನು ತನ್ನ ಹಕ್ಕನ್ನು ಕಾಯುವ ವಿಧ

ನಮ್ಮ ಹಳ್ಳಿಗಳ ದಾರಿಗಳು ಎತ್ತಿನ ಬಂಡಿಗೆ ಮಾತ್ರ ಮೀಸಲಾಗಿದ್ದ ಕಾಲವು ಹೋಯಿತು. ಸಂತೆಗೆ ಹೋಗುವವರೂ ಹೊಲದಿಂದ ಬರುವವರೂ ಶಾಲೆಯ ಮಕ್ಕಳೂ ಲಾರಿ, ಟೆಂಪೊ, ಟ್ರ್ಯಾಕ್ಟರು, ಮೋಟಾರು ಸೈಕಲ್ಲುಗಳ ನಡುವೆ ನಡೆಯಬೇಕಾಗಿದೆ. ಅಪಘಾತದಲ್ಲಿ ಕೈಕಾಲು ಮುರಿದವನ ಮನೆಗೆ ನಾವು ಹೋಗಿ ದುಃಖಪಡುವದುಂಟು, ಗಂಜಿ ಕಾಸಿ ಕೊಡುವದುಂಟು. ಆದರೆ ಅವನಿಗೆ ಕಾನೂನು ಕೊಟ್ಟಿರುವ ಹಕ್ಕು ಏನು, ಅದು ಯಾವ ತಪ್ಪಿನಿಂದ ಕೈಬಿಟ್ಟು ಹೋಗುವದು ಎಂಬದನ್ನು ಅವನಿಗೆ ಹೇಳಿಕೊಡುವವರು ಸ್ವಲ್ಪ ಜನ. ಆದಕಾರಣ ಈ ಪಾಠದಲ್ಲಿ ಆ ವಿಷಯವನ್ನೇ ವಿಚಾರಿಸುವೆವು.

ಮೊದಲು ಒಂದು ದೃಷ್ಟಾಂತ. ಮೂವತ್ತೆಂಟು ವರುಷದ ಒಬ್ಬ ಗಾರೆ ಕೆಲಸದ ಕೂಲಿಯವನನ್ನು ಭಾವಿಸಿಕೊಳ್ಳಿರಿ. ಸಾಯಂಕಾಲ ಸಂತೆಯಿಂದ ದಾರಿಯ ಅಂಚಿನಲ್ಲಿ ನಡೆದು ಬರುವಾಗ ಒಂದು ಟೆಂಪೊ ಹಿಂದಿನಿಂದ ತಗಲಿ ಅವನ ಕಾಲು ಮುರಿಯಿತು. ಆಸ್ಪತ್ರೆಯಲ್ಲಿ ಹೇಗಾಯಿತೆಂದು ಕೇಳಿದಾಗ, ಜೊತೆಯಲ್ಲಿ ಬಂದವರು ಪೊಲೀಸರ ಭಯದಿಂದ, "ತಾನೇ ಕಾಲುಜಾರಿ ಬಿದ್ದ" ಎಂದರು. ಮಾರನೇ ದಿನ ಟೆಂಪೊದ ಯಜಮಾನನು ಬಂದು, "ನೋಡಪ್ಪಾ, ಠಾಣೆ ಕಚೇರಿ ಎಂದು ಅಲೆದರೆ ನಿನಗೂ ತೊಂದರೆ, ನನಗೂ ತೊಂದರೆ. ಈ ಇಪ್ಪತ್ತು ಸಾವಿರ ಇಟ್ಟುಕೋ, ಇಲ್ಲಿ ಒಂದು ಹೆಬ್ಬೆಟ್ಟು ಒತ್ತು" ಎಂದನು. ಅವನು ಒತ್ತಿದನು. ಆರು ತಿಂಗಳಾದರೂ ಕಾಲು ಸರಿಯಾಗಲಿಲ್ಲ. ಏಣಿ ಹತ್ತಲಾರನು, ಬುಟ್ಟಿ ಹೊರಲಾರನು. ಹಣವು ಔಷಧಕ್ಕೇ ತೀರಿತು. ಪುನಃ ಕೇಳಹೋದರೆ ಯಜಮಾನನು ಆ ಕಾಗದವನ್ನು ತೋರಿಸಿದನು. ಇವನು ಒಬ್ಬ ಕಲ್ಪಿತ ಮನುಷ್ಯನು. ಆದರೆ ಇಂಥದು ನಡೆಯುವದನ್ನು ಅರಿಯದ ಊರು ನಮ್ಮಲ್ಲಿ ಇರಲಾರದು. ಇವನು ಎಲ್ಲೆಲ್ಲಿ ತಪ್ಪಿದನೆಂದು ಒಂದೊಂದಾಗಿ ನೋಡುವ.

೧. ಮೊದಲು ಜೀವ

ಎಲ್ಲಕ್ಕಿಂತ ಮುಂಚೆ ಗಾಯಪಟ್ಟವನನ್ನು ಆಸ್ಪತ್ರೆಗೆ ಸೇರಿಸತಕ್ಕದ್ದು. ೧೦೮ಕ್ಕಾಗಲಿ ೧೧೨ಕ್ಕಾಗಲಿ ದೂರವಾಣಿ ಮಾಡಿದರೆ ಸಹಾಯ ಬರುವದು. ದಾರಿಹೋಕನು ಸಹಾಯ ಮಾಡಲು ಅಂಜಬೇಕಾಗಿಲ್ಲ. ಯಾಕಂದರೆ ಮೋಟಾರು ವಾಹನಗಳ ಕಾನೂನಿಗೆ ೨೦೧೯ರಲ್ಲಿ ಮಾಡಿದ ತಿದ್ದುಪಡಿಯು, ಒಳ್ಳೇ ಮನಸ್ಸಿನಿಂದ ಗಾಯಾಳುವಿಗೆ ನೆರವಾದವನನ್ನು ಮೊಕದ್ದಮೆಯಿಂದ ಕಾಪಾಡುತ್ತದೆ. ಅವನು ತನ್ನ ಹೆಸರು ಹೇಳಬೇಕೆಂದು ಬಲವಂತ ಮಾಡಕೂಡದು. ಡಿಕ್ಕಿ ಹೊಡೆದ ಗಾಡಿಯ ಚಾಲಕನಿಗಾದರೋ, ಗಾಯಾಳುವಿಗೆ ಚಿಕಿತ್ಸೆ ದೊರಕಿಸುವದೂ ಪೊಲೀಸರಿಗೆ ತಿಳಿಸುವದೂ ಅದೇ ಕಾನೂನಿನ ೧೩೪ನೇ ಕಲಮಿನ ಪ್ರಕಾರ ಕರ್ತವ್ಯವಾಗಿದೆ.

ಹಣವಿಲ್ಲವೆಂದು ತಡಮಾಡುವದೂ ಬೇಡ. ೨೦೨೫ರ ಮೇ ತಿಂಗಳಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದ ಯೋಜನೆಯ ಮೇರೆಗೆ, ರಸ್ತೆಯಲ್ಲಿ ಮೋಟಾರು ವಾಹನದಿಂದ ಗಾಯಪಟ್ಟವನಿಗೆ ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಅಪಘಾತವಾದ ದಿನದಿಂದ ಏಳು ದಿನಗಳ ವರೆಗೆ ೧,೫೦,೦೦೦ ರೂಪಾಯಿಗಳ ಮಿತಿಯೊಳಗೆ ಹಣ ಕೇಳದೆ ಚಿಕಿತ್ಸೆ ಮಾಡತಕ್ಕದ್ದು.

ಮೂಳೆ ಕಟ್ಟುವ ನಾಟಿ ವೈದ್ಯರ ಬಳಿಗೆ ಮೊದಲೇ ಹೋಗುವ ಪದ್ಧತಿಯು ನಮ್ಮಲ್ಲಿ ಇನ್ನೂ ಇದೆ. ಅಲ್ಲಿ ಎಕ್ಸ್‌ರೇ ಇಲ್ಲ, ಚೀಟಿ ಇಲ್ಲ, ತಾರೀಕು ಇಲ್ಲ. ಮೂಳೆ ಎಲ್ಲಿ ಮುರಿಯಿತು, ಯಾವಾಗ ಮುರಿಯಿತು ಎಂಬದಕ್ಕೆ ಮುಂದೆ ಸಾಕ್ಷಿಯೇ ಇಲ್ಲದೆ ಹೋಗುವದು. ಆದದರಿಂದ ಆಸ್ಪತ್ರೆಯೇ ಮೊದಲು.

೨. ಆಸ್ಪತ್ರೆಯ ಪುಸ್ತಕದ ಮೊದಲ ಸಾಲು

ನಮ್ಮ ಕೂಲಿಯವನ ಹಕ್ಕಿಗೆ ಮೊದಲ ಪೆಟ್ಟು ಬಿದ್ದದ್ದು ಯಜಮಾನನ ಕಾಗದದಿಂದಲ್ಲ, ಆಸ್ಪತ್ರೆಯಲ್ಲಿ ಹೇಳಿದ ಒಂದು ಸುಳ್ಳಿನಿಂದ. ಗಾಯಾಳು ಬಂದ ಕೂಡಲೇ, ಪೆಟ್ಟು ಹೇಗೆ, ಎಲ್ಲಿ, ಎಷ್ಟು ಗಂಟೆಗೆ ಆಯಿತೆಂದು ವೈದ್ಯರು ಕೇಳಿ ಬರೆದುಕೊಳ್ಳುವರು. ಆ ಬರಹವು ಅಪಘಾತಕ್ಕೆ ಬಹು ಸಮೀಪವಾದದ್ದು. ಆಗ ಯಾರೂ ಪರಿಹಾರದ ಲೆಕ್ಕ ಹಾಕಿರಲಿಲ್ಲವೆಂದು ನ್ಯಾಯಾಧೀಶರು ಅದಕ್ಕೆ ಹೆಚ್ಚು ಬೆಲೆ ಕೊಡುವರು. ಅಲ್ಲಿ "ತಾನೇ ಬಿದ್ದ" ಎಂದು ಬರೆದಿದ್ದರೆ, ಮುಂದೆ ಹತ್ತು ಮಂದಿ ಬಂದು "ಟೆಂಪೊ ತಗಲಿತು" ಎಂದರೂ ವಿಮೆಯ ಕಂಪೆನಿಯ ವಕೀಲರು ಆ ಒಂದು ಸಾಲನ್ನು ಎತ್ತಿ ತೋರಿಸುವರು.

ಆದಕಾರಣ ಭಯಪಡದೆ ಇದ್ದದ್ದನ್ನು ಇದ್ದ ಹಾಗೆ ಹೇಳಿರಿ. ಯಾವ ತರದ ಗಾಡಿ, ಅದರ ನಂಬರು, ಯಾವ ಊರಿನ ಹತ್ತಿರ ಎಂಬವುಗಳನ್ನು ತಿಳಿದಷ್ಟು ಬರೆಯಿಸಿರಿ. ತಿಳಿಯದಿದ್ದರೆ ತಿಳಿಯದೆಂದೇ ಹೇಳಿರಿ. ಬರೆದದ್ದನ್ನು ಓದಿಸಿ ಕೇಳುವದು ಒಳ್ಳೇದು. ನೋವಿರುವ ಎಲ್ಲಾ ಸ್ಥಳಗಳನ್ನೂ ವೈದ್ಯರಿಗೆ ಹೇಳಿರಿ. ಮುರಿದ ಕಾಲಿನ ಸಂಕಟದಲ್ಲಿ ತಲೆಗೆ ತಗಲಿದ ಪೆಟ್ಟನ್ನು ಹೇಳದೆ ಇದ್ದರೆ, ತಿಂಗಳಾದ ಮೇಲೆ ಬಂದ ತಲೆನೋವು ಈ ಅಪಘಾತದ್ದೇ ಎಂದು ರುಜುಪಡಿಸುವದು ಕಷ್ಟ.

೩. ಠಾಣೆಗೆ ತಿಳಿಸುವದು

ಇಂಥ ಗಾಯಾಳು ಬಂದರೆ ಆಸ್ಪತ್ರೆಯಿಂದಲೇ ಠಾಣೆಗೆ ಸುದ್ದಿ ಹೋಗುವದುಂಟು. ಆದರೂ ಮನೆಯವರು ಅದನ್ನೇ ನಂಬಿ ಕೂತಿರಬಾರದು. ಠಾಣೆಯಲ್ಲಿ ದೂರು ಬರೆಯಿಸಿ ಎಫ್.ಐ.ಆರ್. ಪ್ರತಿಯನ್ನು ಕೇಳಿ ತೆಗೆದುಕೊಳ್ಳತಕ್ಕದ್ದು. ಅದನ್ನು ಪುಕ್ಕಟೆಯಾಗಿ ಕೊಡಬೇಕೆಂಬದು ಕಾನೂನು. ೨೦೨೪ರ ಜುಲಾಯಿ ೧ರಿಂದ ನಡೆಯುತ್ತಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪಘಾತವು ಬೇರೆ ಠಾಣೆಯ ಎಲ್ಲೆಯಲ್ಲಿ ಆಗಿದ್ದರೂ ದೂರನ್ನು ಬರಕೊಳ್ಳಬೇಕು. ಠಾಣೆಯಲ್ಲಿ ಒಪ್ಪದಿದ್ದರೆ ಅದೇ ಸಂಗತಿಯನ್ನು ಬರೆದು ಜಿಲ್ಲೆಯ ಪೊಲೀಸ್ ಸೂಪರಿಂಟೆಂಡೆಂಟರಿಗೆ ಟಪ್ಪಾಲಿನಲ್ಲಿ ಕಳುಹಿಸಬಹುದು.

ಗಾಯಾಳುವನ್ನು ಬದುಕಿಸುವ ಗಡಿಬಿಡಿಯಲ್ಲಿ ಕೆಲವು ದಿನ ತಡವಾದರೆ ಎಲ್ಲವೂ ಕೆಟ್ಟಿತೆಂದು ನಿರಾಶೆಪಡಬೇಡಿರಿ. ನಮ್ಮ ದೇಶದ ಸಾಮಾನ್ಯ ಜನರು ಅಪಘಾತವಾದ ಕೂಡಲೇ ಠಾಣೆಗೆ ಓಡುವರೆಂದು ನಿರೀಕ್ಷಿಸಲಾಗದು, ತಡವಾಯಿತೆಂಬ ಒಂದೇ ಕಾರಣದಿಂದ ಸತ್ಯವಾದ ಹಕ್ಕನ್ನು ತಳ್ಳಿಬಿಡಬಾರದು ಎಂಬದಾಗಿ ಸುಪ್ರೀಂ ಕೋರ್ಟು ೨೦೧೧ರಲ್ಲಿ ಹೇಳಿತು. ಆದರೆ ತಡವಾದದ್ದು ಯಾಕೆಂದು ದೂರಿನಲ್ಲಿ ಕಾಣಿಸಬೇಕು.

ಈ ಮಧ್ಯೆ ಮನೆಯವರಲ್ಲಿ ಒಬ್ಬರು ಸ್ಥಳಕ್ಕೆ ಹೋಗಿ, ಮೊಬೈಲಿನಲ್ಲಿ ದಾರಿಯ, ಚಕ್ರದ ಗುರುತಿನ, ಗಾಡಿಯ ನಂಬರಿನ ಚಿತ್ರಗಳನ್ನು ತೆಗೆಯಲಿ. ನೋಡಿದವರ ಹೆಸರನ್ನೂ ಊರನ್ನೂ ಬರೆದಿಡಲಿ. ಹತ್ತಿರದ ಅಂಗಡಿಯಲ್ಲಾಗಲಿ ಪೆಟ್ರೋಲು ಬಂಕಿನಲ್ಲಾಗಲಿ ಕ್ಯಾಮರಾ ಇದ್ದರೆ ಆ ದಿನವೇ ಪೊಲೀಸರಿಗೆ ಹೇಳತಕ್ಕದ್ದು. ಅದರೊಳಗಿನ ಹಳೇ ಚಿತ್ರವು ಕೆಲವು ದಿನಗಳಲ್ಲಿ ತಾನಾಗಿಯೇ ಅಳಿದುಹೋಗುವದುಂಟು.

೪. ಒಂದು ಡಬ್ಬಿಯಲ್ಲಿ ಇಡತಕ್ಕ ಕಾಗದಗಳು

ಬಾಯಿಮಾತಿನಿಂದ ಪರಿಹಾರ ಸಿಕ್ಕದು. ಮಳೆಯೂ ಇಲಿಯೂ ಮುಟ್ಟದ ಒಂದು ತಗಡಿನ ಡಬ್ಬಿಯನ್ನು ಇದಕ್ಕೆಂದೇ ಇಟ್ಟುಕೊಳ್ಳಿರಿ. ಅದರಲ್ಲಿ ಇರಬೇಕಾದವು ಯಾವವೆಂದರೆ: ಎಫ್.ಐ.ಆರ್., ಸ್ಥಳದ ಮಹಜರು, ಮೋಟಾರು ವಾಹನ ಇನ್‌ಸ್ಪೆಕ್ಟರರ ವರದಿ ಮತ್ತು ದೋಷಾರೋಪಣ ಪಟ್ಟಿ, ಇವುಗಳ ಪ್ರತಿಗಳು, ವೈದ್ಯರ ಗಾಯದ ಸರ್ಟಿಫಿಕೇಟು, ಎಕ್ಸ್‌ರೇಗಳು, ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಡಿಸ್ಚಾರ್ಜು ಚೀಟಿ, ಔಷಧದ ಪ್ರತಿಯೊಂದು ಬಿಲ್ಲು ಮತ್ತು ಅದಕ್ಕೆ ಹೊಂದುವ ವೈದ್ಯರ ಚೀಟಿ, ಆಸ್ಪತ್ರೆಗೆ ಹೋಗಿಬಂದ ಬಾಡಿಗೆಯ ರಶೀದಿ. ಮೂಲ ಕಾಗದವನ್ನು ಯಾರಿಗಾದರೂ ಕೊಡಬೇಕಾದರೆ ಮೊದಲು ಜೆರಾಕ್ಸು ಮಾಡಿಸಿರಿ.

ಇದಲ್ಲದೆ ದುಡಿಮೆಯ ಪುರಾವೆಯೂ ಬೇಕು. ಕೂಲಿಯವನಿಗೆ ಸಂಬಳದ ಚೀಟಿ ಎಲ್ಲಿಯದು ಎಂದು ಕೇಳುವಿರಿ. ಮೇಸ್ತ್ರಿಯು ಬರೆದುಕೊಟ್ಟ ಕಾಗದ, ಉದ್ಯೋಗ ಖಾತ್ರಿಯ ಜಾಬ್ ಕಾರ್ಡು, ಬ್ಯಾಂಕಿನ ಪಾಸ್ ಪುಸ್ತಕ, ಹಾಲಿನ ಡೇರಿಯ ಪುಸ್ತಕ, ಹೊಲದ ಪಹಣಿ, ಇವೆಲ್ಲವೂ ಸಾಕ್ಷಿಗಳೇ. ಏನೂ ಇಲ್ಲದಿದ್ದರೂ ನ್ಯಾಯಮಂಡಳಿಯು ಒಂದು ಅಂದಾಜಿನ ಆದಾಯವನ್ನು ಹಿಡಿಯುವದು. ಸಂಬಳವಿಲ್ಲದೆ ಮನೆವಾರ್ತೆ ನೋಡುವ ಹೆಂಗಸಿನ ದುಡಿಮೆಗೂ ಹಣದ ಬೆಲೆ ಕಟ್ಟತಕ್ಕದ್ದೆಂದು ಸುಪ್ರೀಂ ಕೋರ್ಟು ೨೦೨೧ರಲ್ಲಿ ತೀರ್ಮಾನಿಸಿತು. ಆದದರಿಂದ "ಅವಳು ಮನೆಯಲ್ಲಿ ಸುಮ್ಮನೆ ಇದ್ದಳು" ಎಂದು ಯಾರೂ ಹೇಳಬಾರದು.

ವೈದ್ಯರು ಪುನಃ ಬರಹೇಳಿದ ದಿನ ತಪ್ಪದೆ ಹೋಗಿರಿ. ಹೋಗದಿದ್ದರೆ ಗಾಯವು ವಾಸಿಯಾಯಿತೆಂದು ಎದುರುಕಕ್ಷಿಯವರು ವಾದಿಸುವರು.

೫. ನಷ್ಟವನ್ನು ಅಳೆಯುವ ವಿಧ

ಆಸ್ಪತ್ರೆಯ ವೆಚ್ಚ ಕೈಸೇರಿದರೆ ಸಾಕೆಂದು ನಮ್ಮವರು ನೆನಸುವರು. ಇದು ದೊಡ್ಡ ತಪ್ಪು. ಚಿಕಿತ್ಸೆಯ ವೆಚ್ಚ, ಮಲಗಿದ್ದ ದಿನಗಳ ಕೂಲಿಯ ನಷ್ಟ, ಪಟ್ಟ ನೋವು, ಇವುಗಳ ಸಂಗಡ ಮುಂದಿನ ದುಡಿಮೆಗೆ ಬಂದ ಕುಂದನ್ನೂ ಎಣಿಸತಕ್ಕದ್ದು. ದೇಹದ ಊನ ಬೇರೆ, ದುಡಿಮೆಯ ನಷ್ಟ ಬೇರೆ ಎಂದು ಸುಪ್ರೀಂ ಕೋರ್ಟು ೨೦೧೦ರಲ್ಲಿ ವಿವರಿಸಿತು. ಎಡಗೈ ಹೋದ ಬಡಗಿಯು ಬಹುಮಟ್ಟಿಗೆ ತನ್ನ ಸಂಪಾದನೆಯನ್ನೆಲ್ಲಾ ಕಳಕೊಳ್ಳುವನು. ಅದೇ ಕೈ ಹೋದ ಗುಮಾಸ್ತನ ಉದ್ಯೋಗವು ಉಳಿಯಬಹುದು. ಆದಕಾರಣ ಗಾಯಾಳು ಏನು ಕೆಲಸ ಮಾಡುತ್ತಿದ್ದನು, ಈಗ ಅದರಲ್ಲಿ ಯಾವದನ್ನು ಮಾಡಲಾರನು ಎಂಬದನ್ನು ಸ್ಪಷ್ಟವಾಗಿ ತೋರಿಸಬೇಕು. ಊನದ ಸರ್ಟಿಫಿಕೇಟನ್ನು ಚಿಕಿತ್ಸೆ ಮಾಡಿದ ವೈದ್ಯರಿಂದಲೇ ಪಡೆದು, ಅವರು ಬಂದು ಸಾಕ್ಷಿ ಹೇಳುವ ಹಾಗೆ ನೋಡಿಕೊಳ್ಳುವದು ಉತ್ತಮ.

ಲೆಕ್ಕವು ಹೀಗೆ. ವರುಷದ ಆದಾಯವನ್ನು ವಯಸ್ಸಿಗೆ ಗೊತ್ತುಮಾಡಿದ ಒಂದು ಸಂಖ್ಯೆಯಿಂದ ಗುಣಿಸುವರು. ೨೦೦೯ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಆ ಸಂಖ್ಯೆಯು ೧೫ರಿಂದ ೨೫ ವರುಷದವರಿಗೆ ೧೮, ೩೬ರಿಂದ ೪೦ರವರಿಗೆ ೧೫, ೫೬ರಿಂದ ೬೦ರವರಿಗೆ ೯. ನಮ್ಮ ಕೂಲಿಯವನ ತಿಂಗಳ ಆದಾಯ ೧೨,೦೦೦ ರೂಪಾಯಿ ಎನ್ನೋಣ, ವರುಷಕ್ಕೆ ೧,೪೪,೦೦೦, ಹದಿನೈದರಿಂದ ಗುಣಿಸಿದರೆ ೨೧,೬೦,೦೦೦. ದುಡಿಮೆಯಲ್ಲಿ ನೂರಕ್ಕೆ ಮೂವತ್ತು ಪಾಲು ಹೋಯಿತೆಂದು ನ್ಯಾಯಮಂಡಳಿಯು ಕಂಡರೆ, ಆ ಒಂದು ಬಾಬಿಗೇ ೬,೪೮,೦೦೦ ರೂಪಾಯಿ. ಅವನು ಹೆಬ್ಬೆಟ್ಟು ಒತ್ತಿದ್ದು ಇಪ್ಪತ್ತು ಸಾವಿರಕ್ಕೆ!

೬. ಅರ್ಜಿಯೂ ಅದರ ಅವಧಿಯೂ

ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ೧೯೮೮ರ ಮೋಟಾರು ವಾಹನಗಳ ಕಾನೂನಿನ ೧೬೬ನೇ ಕಲಮಿನ ಕೆಳಗೆ ಕೊಡುವರು. ಅಪಘಾತವಾದ ಸ್ಥಳದ ನ್ಯಾಯಮಂಡಳಿಗೇ ಹೋಗಬೇಕೆಂದಿಲ್ಲ. ಗಾಯಾಳು ವಾಸಮಾಡುವ ಸ್ಥಳದಲ್ಲಿಯೂ ಕೊಡಬಹುದು. ೨೦೨೨ರ ಏಪ್ರಿಲ್ ೧ರಿಂದ ಜಾರಿಗೆ ಬಂದ ತಿದ್ದುಪಡಿಯು, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಕೊಡತಕ್ಕದ್ದೆಂದು ಹೇಳುತ್ತದೆ. ಈ ಅವಧಿಯ ನ್ಯಾಯವನ್ನು ಪ್ರಶ್ನಿಸಿದ ಮೊಕದ್ದಮೆಗಳಲ್ಲಿ ಸುಪ್ರೀಂ ಕೋರ್ಟು ೨೦೨೫ರ ನವೆಂಬರಿನಲ್ಲಿ, ತಡವಾಯಿತೆಂದು ಅರ್ಜಿಗಳನ್ನು ತಳ್ಳಿಹಾಕಬಾರದೆಂದು ಮಧ್ಯಂತರ ಆಜ್ಞೆ ಕೊಟ್ಟಿತು. ಆದರೂ ಮಧ್ಯಂತರ ಆಜ್ಞೆಯನ್ನು ನೆಚ್ಚಿಕೊಂಡು ಯಾರೂ ನಿದ್ದೆಮಾಡಬಾರದು; ಆರು ತಿಂಗಳನ್ನೇ ಗಡುವೆಂದು ಎಣಿಸಿರಿ. ಬಡ್ಡಿಯು ಸಹ ಅರ್ಜಿ ಕೊಟ್ಟ ದಿನಕ್ಕಿಂತ ಹಿಂದಿನಿಂದ ದೊರೆಯದು.

ಪೊಲೀಸರು ಮೂರು ತಿಂಗಳೊಳಗೆ ಅಪಘಾತದ ವರದಿಯನ್ನು ನ್ಯಾಯಮಂಡಳಿಗೆ ಕಳುಹಿಸಬೇಕೆಂದೂ ಕಾನೂನಿನಲ್ಲಿದೆ. ಅದು ಹೋಯಿತೋ ಇಲ್ಲವೋ ಎಂದು ವಿಚಾರಿಸಿ ತಿಳಿಯಿರಿ.

ಇನ್ನೆರಡು ದಾರಿಗಳುಂಟು. ತಪ್ಪು ಯಾರದೆಂದು ರುಜುಪಡಿಸದೆಯೇ ೧೬೪ನೇ ಕಲಮಿನ ಪ್ರಕಾರ ಮರಣಕ್ಕೆ ೫,೦೦,೦೦೦, ಭಾರೀ ಗಾಯಕ್ಕೆ ೨,೫೦,೦೦೦ ರೂಪಾಯಿ ಕೇಳಬಹುದು. ಆದರೆ ವಿಮೆಯವರು ಕೊಡುವ ಆ ಹಣವನ್ನು ಒಪ್ಪಿಕೊಂಡರೆ ೧೬೬ರ ಅರ್ಜಿಯು ಬಿದ್ದುಹೋಗುವದು. ನಮ್ಮ ಕೂಲಿಯವನ ಲೆಕ್ಕವನ್ನು ಜ್ಞಾಪಕಕ್ಕೆ ತಂದುಕೊಂಡು, ಯಾವದು ಲಾಭವೆಂದು ವಕೀಲರನ್ನು ಕೇಳಿದ ಮೇಲೆಯೇ ಒಪ್ಪತಕ್ಕದ್ದು. ಗಾಡಿಯು ಹೊಡೆದು ಓಡಿಹೋಗಿ ಅದರ ಗುರುತೇ ಸಿಕ್ಕದಿದ್ದರೆ, ೧೬೧ನೇ ಕಲಮಿನ ಯೋಜನೆಯಲ್ಲಿ ಮರಣಕ್ಕೆ ೨,೦೦,೦೦೦, ಭಾರೀ ಗಾಯಕ್ಕೆ ೫೦,೦೦೦ ರೂಪಾಯಿ ಉಂಟು. ಆ ಅರ್ಜಿಯ ವಿಷಯವನ್ನು ತಾಲೂಕು ಕಚೇರಿಯಲ್ಲಿ ವಿಚಾರಿಸಬಹುದು.

ಸರಕಿನ ಗಾಡಿಯ ವಿಷಯವಾಗಿ ಒಂದು ಎಚ್ಚರಿಕೆ. ಮದುವೆಗೂ ಕೂಲಿಗೂ ಟೆಂಪೊದ ಹಿಂದೆ ಜನರನ್ನು ತುಂಬುವದು ನಮ್ಮಲ್ಲಿ ವಾಡಿಕೆಯಾಗಿದೆ. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕನಿಗೆ ಪರಿಹಾರ ಕೊಡಲು ವಿಮೆಯ ಕಂಪೆನಿಯು ಬದ್ಧವಲ್ಲವೆಂದು ಸುಪ್ರೀಂ ಕೋರ್ಟು ೨೦೦೨ರಲ್ಲಿ ತೀರ್ಮಾನಿಸಿತು. ಆಗ ಯಜಮಾನನೇ ಕೊಡಬೇಕು. ಅವನಲ್ಲಿ ಇಲ್ಲದಿದ್ದರೆ ತೀರ್ಪು ಕಾಗದದಲ್ಲಿಯೇ ಉಳಿಯುವದು. ಈ ಹಕ್ಕನ್ನು ಅಪಘಾತಕ್ಕೆ ಮುಂಚೆ, ಗಾಡಿ ಹತ್ತುವ ಗಳಿಗೆಯಲ್ಲಿಯೇ ಕಾಯತಕ್ಕದ್ದು.

೭. ಸಹಿಯೂ ದಲ್ಲಾಳಿಯೂ

ಗಾಯವು ಮಾಯುವ ವರೆಗೆ, ಊನವೆಷ್ಟೆಂದು ವೈದ್ಯರು ಹೇಳುವ ವರೆಗೆ, "ಇನ್ನು ನನ್ನ ತಕರಾರಿಲ್ಲ" ಎಂಬ ಯಾವ ಕಾಗದಕ್ಕೂ ಸಹಿಯಾಗಲಿ ಹೆಬ್ಬೆಟ್ಟಾಗಲಿ ಹಾಕಬೇಡಿರಿ. ಗಾಡಿಯ ಯಜಮಾನನು ದಯೆಯಿಂದ ಔಷಧಕ್ಕೆ ಹಣ ಕೊಟ್ಟರೆ ತೆಗೆದುಕೊಳ್ಳಬಹುದು. ಆದರೆ ರಶೀದಿಯಲ್ಲಿ "ಚಿಕಿತ್ಸೆಯ ಬಗ್ಗೆ ಮುಟ್ಟಿದ್ದು" ಎಂದು ಮಾತ್ರ ಬರೆಯಿರಿ. ಲೋಕ ಅದಾಲತ್ತಿನಲ್ಲಿ ರಾಜಿಯಾಗುವದು ಒಳ್ಳೇದೇ, ಕಾಲವೂ ಉಳಿಯುವದು. ಆದರೆ ಅಲ್ಲಿಯ ತೀರ್ಮಾನಕ್ಕೆ ಅಪೀಲಿಲ್ಲವೆಂದು ತಿಳಿದೇ ಒಪ್ಪಿರಿ.

ಆಸ್ಪತ್ರೆಯ ಬಾಗಿಲಲ್ಲಿ ಕಾದಿದ್ದು, "ಎಲ್ಲಾ ನಾವು ನೋಡಿಕೊಳ್ಳುತ್ತೇವೆ, ಬಂದದ್ದರಲ್ಲಿ ಪಾಲು ಕೊಟ್ಟರೆ ಸಾಕು" ಎನ್ನುವ ದಲ್ಲಾಳಿಗಳಿದ್ದಾರೆ. ಪರಿಹಾರದಲ್ಲಿ ಪಾಲು ಗೊತ್ತುಮಾಡಿಕೊಳ್ಳುವದು ವಕೀಲರಿಗೆ ಅವರ ಪರಿಷತ್ತಿನ ನಿಯಮಗಳಿಂದಲೇ ನಿಷಿದ್ಧವಾಗಿದೆ. ಬರಿಯ ಕಾಗದಕ್ಕೂ ಬರಿಯ ಚೆಕ್ಕಿಗೂ ಸಹಿ ಕೊಡಕೂಡದು. ಹೆಂಗಸರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಅಂಗವಿಕಲರಿಗೂ ಆದಾಯ ಕಡಿಮೆಯುಳ್ಳ ಇತರರಿಗೂ ೧೯೮೭ರ ಕಾನೂನಿನ ಪ್ರಕಾರ ಧರ್ಮಾರ್ಥವಾಗಿ ವಕೀಲರು ದೊರೆಯುವರು. ತಾಲೂಕಿನ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿರಿ, ಇಲ್ಲವೆ ೧೫೧೦೦ಕ್ಕೆ ದೂರವಾಣಿ ಮಾಡಿರಿ.

೮. ಹಕ್ಕನ್ನು ಕೆಡಿಸುವ ಸುಳ್ಳು

ವಿಮೆಯಿಲ್ಲದ ಗಾಡಿಗೆ ಬದಲಾಗಿ ವಿಮೆಯಿರುವ ಬೇರೊಂದನ್ನು ತೋರಿಸೋಣ, ನೋಡದವನನ್ನು ಸಾಕ್ಷಿ ಮಾಡೋಣ, ಇಲ್ಲದ ಊನವನ್ನು ಬರೆಯಿಸೋಣ ಎಂಬ ದುರಾಲೋಚನೆ ಹೇಳುವವರೂ ಇದ್ದಾರೆ. ಇದರಿಂದ ಅರ್ಜಿ ಕೆಡುವದಲ್ಲದೆ ಗಾಯಪಟ್ಟವನೇ ಅಪರಾಧಿಯಾಗುವನು. ನಮ್ಮದೂ ಸ್ವಲ್ಪ ತಪ್ಪಿದ್ದರೆ, ಅಂದರೆ ಒಂದು ಬೈಕಿನಲ್ಲಿ ಮೂವರು ಕೂತಿದ್ದರೆ ಇಲ್ಲವೆ ಹೆಲ್ಮೆಟ್ಟು ಇಲ್ಲದಿದ್ದರೆ, ಅದನ್ನು ವಕೀಲರಿಗೆ ಮುಚ್ಚಿಡಬೇಡಿರಿ. ನಮ್ಮ ತಪ್ಪಿನಿಂದ ಪರಿಹಾರವು ಸ್ವಲ್ಪ ಕಡಿಮೆಯಾಗಬಹುದು. ಸುಳ್ಳಿನಿಂದ ಎಲ್ಲವೂ ಹೋಗುವದು. ಕೊಲೆಯ ಮೊಕದ್ದಮೆಯಲ್ಲಿ ಬೇಕಾದಷ್ಟು ಬಲವಾದ ರುಜುವಾತು ಇಲ್ಲಿ ಬೇಕಾಗಿಲ್ಲ. ಹೀಗೆಯೇ ನಡೆದಿರಬೇಕೆಂದು ತೂಗಿನೋಡಿದಾಗ ಕಂಡರೆ ಸಾಕು. ಹೀಗಿರುವಾಗ ಸತ್ಯಕ್ಕೆ ಸುಳ್ಳಿನ ಊರುಗೋಲು ಯಾಕೆ?

ಕೊನೆಯ ಮಾತು

"ಹೊಡೆದವನನ್ನು ಕ್ಷಮಿಸಿದೆವು, ಇನ್ನು ಕೋರ್ಟಿಗೆ ಹೋಗುವದು ಸರಿಯೋ?" ಎಂದು ನಮ್ಮ ಸಭೆಗಳಲ್ಲಿ ಕೆಲವರು ಸಂಕೋಚಪಡುವರು. ಈ ಸಂಕೋಚವನ್ನು ನಾವು ಹಾಸ್ಯಮಾಡುವದಿಲ್ಲ. ಆದರೆ ಕ್ಷಮೆಯು ಚಾಲಕನ ಮೇಲಿನ ಸಿಟ್ಟನ್ನು ಬಿಡುವದಾಗಿದೆ. ಹೆಂಡತಿ ಮಕ್ಕಳ ಅನ್ನವನ್ನು ಬಿಡುವದಲ್ಲ. ಇಂಥ ದಿನಕ್ಕೆಂದೇ ಪ್ರತಿ ಗಾಡಿಯವನೂ ವಿಮೆ ಕಟ್ಟಬೇಕೆಂದು ಕಾನೂನು ವಿಧಿಸಿದೆ. ಚಾಲಕನ ಕೈಹಿಡಿದು ಸಮಾಧಾನ ಹೇಳಿದವನು ಅದೇ ದಿನ ಅರ್ಜಿಗೂ ಸಹಿ ಹಾಕಬಹುದು, ಎರಡಕ್ಕೂ ವಿರೋಧವಿಲ್ಲ. ನಮ್ಮಲ್ಲಿ ಬೈಕು ಟ್ರ್ಯಾಕ್ಟರು ಉಳ್ಳವರು ಇದನ್ನು ತಮಗೂ ಹೇಳಿಕೊಳ್ಳಲಿ. ನಾಳೆ ನಮ್ಮ ಗಾಡಿಯಿಂದ ಇನ್ನೊಬ್ಬನ ಕಾಲು ಮುರಿದರೆ ಅವನ ಮನೆಯವರು ಏನು ತಿನ್ನುವರು? ವಿಮೆಯ ಕಂತನ್ನು ತಪ್ಪಿಸುವವನು ನೆರೆಯವನ ತಟ್ಟೆಯಿಂದ ಮುಂಚೆಯೇ ಕದಿಯುತ್ತಾನೆ.

ಆ ಕೂಲಿಯವನ ಜೊತೆಯಲ್ಲಿ ಆಸ್ಪತ್ರೆಗೆ ಹೋದವರು ಕೆಟ್ಟವರಲ್ಲ, ಅವನ ನೆಂಟರೇ. ಹೇಳತಕ್ಕ ಮಾತು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಇದನ್ನು ಓದಿದವರು ಓದಲಾರದ ಇಬ್ಬರಿಗಾದರೂ ತಿಳಿಸಿರಿ.

ಸಾಯಂಕಾಲದ ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು

೧. ಆಸ್ಪತ್ರೆಯಲ್ಲಿ ಮೊದಲು ಬರೆಯುವ ಸಾಲಿಗೆ ಹೆಚ್ಚು ಬೆಲೆ ಯಾಕೆ?
೨. ಠಾಣೆಯಲ್ಲಿ ದೂರನ್ನು ಬರಕೊಳ್ಳದಿದ್ದರೆ ಏನು ಮಾಡತಕ್ಕದ್ದು?
೩. ನಮ್ಮ ಮನೆಯ ದುಡಿಮೆಯನ್ನು ತೋರಿಸುವ ಕಾಗದಗಳು ಯಾವವು? ಅವು ಈಗ ಎಲ್ಲಿವೆ?
೪. ಅರ್ಜಿಯ ಅವಧಿ ಎಷ್ಟು? ಅದನ್ನು ಎಲ್ಲಿ ಕೊಡಬಹುದು?
೫. ದೇಹದ ಊನಕ್ಕೂ ದುಡಿಮೆಯ ನಷ್ಟಕ್ಕೂ ಏನು ಭೇದ?
೬. ನಮ್ಮ ಊರಿನಲ್ಲಿ ವಿಮೆಯಿಲ್ಲದೆ ಓಡುವ ಗಾಡಿಗಳು ಎಷ್ಟು? ಅವುಗಳಲ್ಲಿ ನಮ್ಮದೂ ಒಂದೋ?